ಫೈನಲ್‌ಗೆ ಹೊರಗಿನ ಕೀಪರ್

ಸೆವೆನ್ಸ್ ಫುಟ್‌ಬಾಲ್ ಆಡುವುದಕ್ಕೆ ಎರಡೂ ಕಡೆ ಸೇರಿ ಹದಿನಾಲ್ಕು ಜನ ಸಾಕು. ಅದನ್ನೇ ಆಟದ ಹಿಂದಿನ ದಿನ ಒಂದು ಸಲ, ಆಟವಾದ ಮರುದಿನ ಇನ್ನೊಂದು ಸಲ ಬಾಯಲ್ಲೇ ಆಡುವವರು ನಮ್ಮ ಗೂಡಲೂರಿನಲ್ಲಿ ಊರಿಗೆ ಊರೇ ಇದ್ದಾರೆ, ಮತ್ತು ಅವರು ಇವತ್ತಿನವರೆಗೂ ಒಂದು ಮ್ಯಾಚೂ ಸೋತಿಲ್ಲ.

ಸೋತವನು ನಾನು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಟೈಲರ್ ಅಂಗಡಿ. ಅಪ್ಪ ಗುಂಡ್ಲುಪೇಟೆ ಕಡೆಯಿಂದ ಒಂದು ಹೊಲಿಗೆ ಮೆಷಿನ್ ಹೊತ್ತು ಬಂದು ಇಲ್ಲಿ ಕೂತರು, ಅವರಾದ ಮೇಲೆ ನಾನು ಕೂತೆ. ಭಾನುವಾರ ಮಾತ್ರ ಊರಿನ ಟೀಮಿಗೆ ಗೋಲ್‌ಕೀಪರ್ ಆಗಿ ನಿಲ್ಲುತ್ತಿದ್ದೆ. ಪ್ರತಿ ಮೇ ತಿಂಗಳು ನಮ್ಮಲ್ಲಿ ಟೂರ್ನಮೆಂಟು. ಘಾಟಿ ಇಳಿದರೆ ಮಲಯಾಳಿಗಳ ಊರು, ಅಲ್ಲಿಂದ ಬರುವ ಟೀಮುಗಳ ತುಂಬ ಸಂಬಳಕ್ಕೆ ಆಡುವವರು. ಅವರನ್ನು ಎದುರಿಸಲು ನಮ್ಮ ಕಮಿಟಿಯೂ ನಾಲ್ವರು ಕೂಲಿ ಆಟಗಾರರನ್ನು ಹಿಡಿದು, ಕೀಪರ್ ವಿಷಯದಲ್ಲಿ ಒಂದು ಪದ್ಧತಿ ಮಾಡಿಕೊಂಡಿತ್ತು. ಮೊದಲ ಸುತ್ತು, ಎರಡನೇ ಸುತ್ತು, ಸೆಮಿಫೈನಲ್, ಇವಕ್ಕೆಲ್ಲ ಕೀಪರ್ ನಾನು. ಫೈನಲ್‌ಗೆ ಮಾತ್ರ ಹೊರಗಿನಿಂದ ಒಬ್ಬನನ್ನು ಕರೆಸುವುದು. ಹನ್ನೊಂದು ವರ್ಷ ಹೀಗೇ ನಡೆಯಿತು. ನನಗೆ ಜೀವನದಲ್ಲಿ ಒಂದೇ ಒಂದು ಫೈನಲ್ ಆಡಬೇಕಿತ್ತು. ಇದನ್ನು ಹೇಳಿಕೊಳ್ಳಲು ಆಗ ನಾಚಿಕೆಯಾಗುತ್ತಿತ್ತು, ಈಗ ಬರೀ ಸಿಟ್ಟು ಬರುತ್ತದೆ.

೧. ಮೆಷಿನ್‌ಗೆ ಎಣ್ಣೆ

ನನ್ನ ಅಂಗಡಿಯ ಮುಂದೆ ಗಿರಾಕಿಗಳಿಗೆಂದು ಒಂದು ಬೆಂಚು ಹಾಕಿದ್ದೆ. ಗಿರಾಕಿಗಳು ಅದರ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ಅಲ್ಲಿ ಕೂರುತ್ತಿದ್ದವರು ಮೂವರು: ರಿಟೈರಾದ ಬಸ್ ಡ್ರೈವರಣ್ಣ, ಬಡಗರ ಹಟ್ಟಿಯಿಂದ ಬರುವ ಒಬ್ಬ ಮೇಷ್ಟ್ರು, ಮತ್ತು ಫ್ಯಾಕ್ಟರಿಗೆ ಚಹಾ ಎಲೆ ಕೊಂಡುಕೊಡುವ ಒಬ್ಬ ಏಜೆಂಟ್. ಮೂವರಲ್ಲಿ ಯಾರೂ ಚೆಂಡು ಒದ್ದವರಲ್ಲ. ಆದರೆ ಕಮಿಟಿ ಕಾರ್ಯದರ್ಶಿ ದಿನಾ ಸಂಜೆ ಅಲ್ಲಿ ಬಂದು ನಿಂತು, ಇವರು ಹೇಳಿದ್ದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಹೋಗುತ್ತಿದ್ದ. ಹಾಗಾಗಿ ನನ್ನ ಹಣೆಬರಹ ಬರೆಯುವ ಬ್ರಹ್ಮರು ಮೂವರೂ ನನ್ನದೇ ಬೆಂಚಿನ ಮೇಲಿದ್ದರು.

ಒಂದು ಸೆಮಿಫೈನಲ್‌ನ ಹಿಂದಿನ ದಿನ. ನಾನು ಒಳಗೆ ಪ್ಯಾಂಟಿಗೆ ಜಿಪ್ ಕೂರಿಸುತ್ತಿದ್ದೆ. ಡ್ರೈವರಣ್ಣ ನನ್ನ ಕಾಲನ್ನೇ ಸ್ವಲ್ಪ ಹೊತ್ತು ನೋಡಿ ಹೇಳಿದ: “ನೋಡ್ರಪ್ಪ, ಇವ್ನು ಬೆಳಗಿಂದ ಸಂಜೆಗಂಟ ಬಲಗಾಲಲ್ಲೇ ಮೆಷಿನ್ ತುಳೀತಾನೆ. ಬಲಗಾಲು ಗಟ್ಟಿ, ಎಡಗಾಲು ಸತ್ತೋಗ್ಯದೆ. ಎಡಗಡೆ ಬಂದ ಬಾಲ್‌ಗೆ ಇವ್ನು ಹಾರಾಕಿಲ್ಲ.”

“ಶರಿಯಾಣ್,” ಎಂದು ತನ್ನ ಮಲಯಾಳದಲ್ಲಿ ಒಪ್ಪಿದ ಏಜೆಂಟ್. “ಆ ಮೆಷಿನ್ ಇರೋವರೆಗೆ ನಮ್ಮ ಎಡಗಡೆ ಬಾಗಿಲು ತೆರೆದೇ ಇರ್ತದೆ.”

ಮರುದಿನ ಎಡಗಡೆಗೆ ಎರಡು ಚೆಂಡು ಬಂದವು. ಎರಡಕ್ಕೂ ಹಾರಿದೆ, ಎರಡನ್ನೂ ಹಿಡಿದೆ, ಮೊಣಕೈಯ ಚರ್ಮವೆಲ್ಲ ಕಿತ್ತುಹೋಯಿತು. ಟೀಮು ಗೆದ್ದಿತು. ಸೋಮವಾರ ಕೈಗೆ ಬಟ್ಟೆ ಸುತ್ತಿಕೊಂಡು ಅಂಗಡಿ ತೆರೆದೆ. ಈವತ್ತಾದರೂ ಒಂದು ಒಳ್ಳೆಯ ಮಾತು ಬರುತ್ತದೆಂದು ಕಿವಿ ಆ ಕಡೆಗೇ ಇಟ್ಟಿದ್ದೆ.

ಮೇಷ್ಟ್ರು ವಿವರಿಸಿದರು: “ಬಲಗಾಲಲ್ಲಿ ತುಳಿದು ತುಳಿದು ಎಡಕ್ಕೆ ಚಿಮ್ಮುವ ಶಕ್ತಿ ಬಂದಿದೆ. ಇದು ಟೈಲರ್ ಮಾಡಿದ್ದಲ್ಲ, ಮೆಷಿನ್ ಮಾಡಿದ್ದು.”

ಮೂವರೂ ಒಪ್ಪಿದರು. ಎದುರಿನ ಅಂಗಡಿಯಿಂದ ಮೂರು ಚಹಾ ತರಿಸಿಕೊಂಡರು. ನನಗೆ, “ಆ ಮೆಷಿನ್‌ಗೊಂದು ಚೂರು ಎಣ್ಣೆ ಬಿಡು, ಪಾಪ,” ಎಂದರು.

೨. ಕರೆಂಟಿಲ್ಲದ ವಿಶ್ವಕಪ್

ವಿಶ್ವಕಪ್ಪು ಪೂರ್ವ ದೇಶಗಳಲ್ಲಿ ನಡೆದ ವರ್ಷ ಮ್ಯಾಚುಗಳು ನಮಗೆ ಹಗಲು ಹೊತ್ತಿನಲ್ಲೇ ಸಿಕ್ಕವು. ಎದುರಿನ ಚಹಾ ಅಂಗಡಿಯವನು ಟಿವಿ ಇಟ್ಟ. ಒಂದು ದೊಡ್ಡ ಮ್ಯಾಚಿನ ದಿನ ಒಂದು ಟೀಮಿನ ಕೀಪರ್ ತನ್ನ ದೇಶದ ಒಂದು ಸಣ್ಣ ಹಳ್ಳಿಯವನು ಎಂದು ಮೇಷ್ಟ್ರು ಪೇಪರಿನಲ್ಲಿ ಓದಿಕೊಂಡು ಬಂದಿದ್ದರು. ನನಗೆ ಅವನು ಯಾರೆಂದೇ ಗೊತ್ತಿಲ್ಲ, ಆದರೂ ಅವನು ಗೆಲ್ಲಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ.

ಅರ್ಧ ಆಟ ಮುಗಿದಾಗ ಸೊನ್ನೆ ಸೊನ್ನೆ. ಅಷ್ಟರಲ್ಲಿ ಗಾಳಿಮಳೆಗೆ ಎಲ್ಲೋ ಲೈನಿನ ಮೇಲೆ ಸಿಲ್ವರ್ ಓಕ್ ಮರ ಬಿದ್ದು ಕರೆಂಟು ಹೋಯಿತು. ಜೂನ್ ತಿಂಗಳಲ್ಲಿ ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಕೇಳುವುದು ಮರ್ಯಾದೆಯಲ್ಲ. ಐದೂವರೆಗೆ ಗಡಿಯಾಚೆಯ ಬತ್ತೇರಿಯಿಂದ ಬಸ್ಸು ಬಂತು. ಕಂಡಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ಆ ಹಳ್ಳಿ ಕೀಪರಿನ ಟೀಮು ಒಂದು ಗೋಲಿನಲ್ಲಿ ಸೋತಿತು ಎಂದ.

ಸರಿ, ಬೆಂಚು ಶುರುವಾಯಿತು. ನೋಡದ ಆ ಗೋಲು ಹೇಗಾಯಿತೆಂದು ಡ್ರೈವರಣ್ಣ ನನ್ನ ಬಟನ್ ಡಬ್ಬಿ ಇಟ್ಟು ತೋರಿಸಿದ. ಕೀಪರ್ ಎರಡು ಹೆಜ್ಜೆ ಮುಂದೆ ನಿಂತದ್ದೇ ತಪ್ಪಂತೆ. ಏಜೆಂಟ್‌ಗೆ ಇದು ಮೊದಲೇ ಗೊತ್ತಿತ್ತಂತೆ. ಕೊನೆಗೆ ಮೇಷ್ಟ್ರು ತೀರ್ಪು ಕೊಟ್ಟರು: “ಸ್ವಂತ ಊರಿನವನಿಗೆ ಜನ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ದೊಡ್ಡ ಮ್ಯಾಚಿಗೆ ಹೊರಗಿನ ಕೀಪರೇ ಆಗಬೇಕು.” ಕಾರ್ಯದರ್ಶಿ ತಲೆಯಾಡಿಸಿದ.

ಮರುದಿನ ಪೇಪರ್ ಬಂತು. ಆ ಟೀಮು ಗೆದ್ದಿತ್ತು. ಹಳ್ಳಿ ಕೀಪರ್ ಕಪ್ಪೆಯ ಹಾಗೆ ಹಾರಿರುವ ಫೋಟೊ ಬೇರೆ. ಕಂಡಕ್ಟರ್ ತಮಾಷೆ ಮಾಡಿದ್ದನೋ, ಅವನಿಗೇ ಯಾರೋ ತಪ್ಪು ಹೇಳಿದ್ದರೋ ಗೊತ್ತಾಗಲಿಲ್ಲ. ನಾನು ಪೇಪರನ್ನು ತೆಗೆದುಕೊಂಡು ಹೋಗಿ ಬೆಂಚಿನ ನಡುವೆ ಇಟ್ಟೆ.

ಮೂವರೂ ಬಗ್ಗಿ ಫೋಟೊ ನೋಡಿದರು. ಡ್ರೈವರಣ್ಣ ಹೇಳಿದ: “ನಾನ್ ನಿನ್ನೆ ಅಂದ್ನಲ್ಲ, ಎರಡು ಹೆಜ್ಜೆ ಮುಂದ್ ನಿಂತಿದ್ದ ಅಂತ. ಅದ್ಕೇ ಗೆದ್ದ.”

“ಹಾಗಾದರೆ ಊರಿನ ಕೀಪರ್ ಆಗಬಹುದಲ್ಲ?” ಎಂದೆ. ಕೇಳಬಾರದಿತ್ತು, ಬಾಯಿಂದ ಬಂದುಬಿಟ್ಟಿತು.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ನೋಡಪ್ಪಾ, ಆ ಮ್ಯಾಚು ನಡೆದದ್ದು ಬೇರೆ ದೇಶದಲ್ಲಿ. ಅಲ್ಲಿಗೆ ಅವನೇ ಹೊರಗಿನವನು.”

೩. ಅಳತೆ

ಮುಂದಿನ ಮೇ ತಿಂಗಳು ಮತ್ತೆ ಫೈನಲ್ ತಲುಪಿದೆವು. ಸೆಮಿಫೈನಲ್ ಮುಗಿದ ಮರುದಿನ ಕಾರ್ಯದರ್ಶಿ ಒಂದು ಹಳದಿ ಬಟ್ಟೆ ಹಿಡಿದುಕೊಂಡು ಬಂದ. ಹೊರಗಿನ ಕೀಪರಿಗೆ ಜೆರ್ಸಿ ಹೊಲಿಯಬೇಕು.

“ಅಳತೆ?” ಎಂದೆ.

“ಅವನು ಬರೋದೇ ಮ್ಯಾಚಿನ ದಿನ. ನಿನ್ನ ಅಳತೆ ಇಟ್ಟು ಹೊಲಿ. ಕೀಪರು ಅಂದರೆ ಹೆಚ್ಚುಕಡಿಮೆ ಎಲ್ಲ ಒಂದೇ ಸೈಜು.”

ನನ್ನ ಎದೆಗೆ ನಾನೇ ಟೇಪು ಸುತ್ತಿಕೊಂಡು ಇನ್ನೊಬ್ಬನಿಗೆ ಅಂಗಿ ಹೊಲಿದೆ. ಹೊಟ್ಟೆ ಉರಿಯುತ್ತಿತ್ತು, ನಿಜ. ಆದರೆ ಕೆಲಸದಲ್ಲಿ ಮೋಸ ಮಾಡಲಿಲ್ಲ, ಡಬಲ್ ಹೊಲಿಗೆ ಹಾಕಿದೆ. ಬಂದವನು ಆನೆಯಂಥ ಆಳು. ಜೆರ್ಸಿ ಹಾಕುವುದಕ್ಕೇ ಇಬ್ಬರು ಎಳೆಯಬೇಕಾಯಿತು. ಅವನು ಎರಡು ಗೋಲು ಬಿಟ್ಟ. ಎರಡನೆಯದು ಅವನ ಕಾಲ ಸಂದಿಯಲ್ಲೇ ನುಗ್ಗಿತು. ಗೆರೆಯಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡಿದೆ. ದುಃಖವಾಗಬೇಕಿತ್ತು, ಸುಳ್ಳು ಹೇಳಲಾರೆ, ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಈಗಲಾದರೂ ಇವರಿಗೆ ಬುದ್ಧಿ ಬರುತ್ತದೆ ಎಂದುಕೊಂಡೆ.

ಮರುದಿನ ಬೆಂಚಿನಲ್ಲಿ ಭಾರೀ ಗಂಭೀರ ವಿಚಾರಣೆ. ಸೋಲಿಗೆ ಕಾರಣ ಸಿಕ್ಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. “ತೋಳು ಬಿಗಿ,” ಎಂದ ಏಜೆಂಟ್. “ಪಾವಂ, ಪಾಪ, ಅವನಿಗೆ ಕೈ ಮೇಲೆತ್ತೋಕೇ ಆಗ್ಲಿಲ್ಲ.”

“ಎರಡನೇ ಗೋಲು ಕಾಲ ಸಂದಿಯಲ್ಲಿ ಹೋಯಿತಲ್ಲ?” ಎಂದೆ ಒಳಗಿನಿಂದ.

“ಕೈ ಬಿಗಿ ಇರೋನಿಗೆ ಕಾಲಿನ ಮೇಲೆ ಗ್ಯಾನ ಎಲ್ಲಿ ಇರ್ತದಪ್ಪ?” ಎಂದ ಡ್ರೈವರಣ್ಣ.

ಹೀಗೆ ಮೈದಾನಕ್ಕೆ ಕಾಲೇ ಇಡದೆ ಊರನ್ನು ಫೈನಲ್‌ನಲ್ಲಿ ಸೋಲಿಸಿದ ಮೊದಲನೆಯ ಕೀಪರ್ ನಾನಾದೆ.

೪. ಮಂಜಿನ ಫೈನಲ್

ಅದರ ಮುಂದಿನ ವರ್ಷ ಮಳೆ ಬೇಗ ಬಂತು. ಫೈನಲ್ ದಿನ ಮಧ್ಯಾಹ್ನ ನಾಡುಗಾಣಿ ಘಾಟಿಯಲ್ಲಿ ಮಣ್ಣು ಜರಿದು ರಸ್ತೆ ಬಂದಾಯಿತು. ಎದುರಾಳಿ ಟೀಮು ಬೆಳಿಗ್ಗೆಯೇ ಬಂದು ಲಾಡ್ಜಿನಲ್ಲಿತ್ತು. ಆ ವರ್ಷದ ನಮ್ಮ ಹೊರಗಿನ ಕೀಪರ್ ಮಾತ್ರ ಘಾಟಿಯ ಕೆಳಗೆ ಜೀಪಿನಲ್ಲಿ ಸಿಕ್ಕಿಕೊಂಡ. ಆಟಕ್ಕೆ ಅರ್ಧ ಗಂಟೆ ಇದ್ದಾಗ ಕಾರ್ಯದರ್ಶಿ ನನ್ನನ್ನು ಪಕ್ಕಕ್ಕೆ ಕರೆದ. “ನೀನೇ ಇಳಿ. ಮಂಜು ಬರ್ತಾ ಇದೆ, ಮುಖ ಯಾರಿಗೂ ಕಾಣಲ್ಲ. ಆದರೆ ಹೆಸರು ಹೊರಗೆ ಬರಬಾರದು. ನೋಟೀಸಿನಲ್ಲಿ ಅವನ ಫೋಟೊ ಹಾಕಿ ಟಿಕೆಟ್ ಮಾರಿದ್ದೀವಿ. ಜನಕ್ಕೆ ಗೊತ್ತಾದರೆ ಗ್ಯಾಲರಿ ಕಿತ್ತುಹಾಕ್ತಾರೆ.”

ಹೆಸರು ಯಾರಿಗೆ ಬೇಕಿತ್ತು? ಫೈನಲ್ ಬೇಕಿತ್ತು. ಹೂಂ ಎಂದೆ.

ಆಟ ಶುರುವಾಗುವಷ್ಟರಲ್ಲಿ ಗುಡ್ಡದಿಂದ ಮಂಜು ಪೂರ್ತಿ ಇಳಿಯಿತು. ನಮ್ಮ ಕಡೆ ಮಂಜು ಇಳಿದರೆ ಎದುರು ಮನೆಯೇ ಕಾಣುವುದಿಲ್ಲ. ಗ್ಯಾಲರಿಗೆ ನಾನು ಕಾಣುತ್ತಿರಲಿಲ್ಲ, ನನಗೆ ಗ್ಯಾಲರಿ ಕಾಣುತ್ತಿರಲಿಲ್ಲ. ಮೈಕಿನವನು ಕೈಯಲ್ಲಿದ್ದ ಪಟ್ಟಿ ನೋಡಿ ಹೊರಗಿನ ಕೀಪರಿನ ಹೆಸರನ್ನೇ ಕೂಗುತ್ತಿದ್ದ. ನಮ್ಮವರು ಹೇಗೋ ಒಂದು ಗೋಲು ಹಾಕಿದರು. ಆಟ ಮುಗಿಯಲು ಎರಡು ನಿಮಿಷ ಇದ್ದಾಗ ಅವರಿಗೆ ಪೆನಾಲ್ಟಿ ಸಿಕ್ಕಿತು. ಒದೆಯುವವನ ಕಾಲು ಮಾತ್ರ ನನಗೆ ಕಂಡಿತು. ಚೆಂಡು ಮಂಜಿನೊಳಗಿಂದ ಬಂತು, ನಾನು ಬಿದ್ದೆ, ಅದು ನನ್ನ ಎರಡೂ ಕೈಯಲ್ಲಿತ್ತು. ಹನ್ನೊಂದು ವರ್ಷದ ಮೇಲೆ ಆಡಿದ ಒಂದು ಫೈನಲ್, ಅದನ್ನು ಗೆದ್ದೆ. ಮೈಕಿನಲ್ಲಿ ಬೇರೆಯವನ ಹೆಸರು, ಅದಕ್ಕೆ ಸೀಟಿ, ಅದಕ್ಕೆ ಪಟಾಕಿ. ನಮ್ಮ ಟೀಮಿನ ನಾಲ್ವರು ಕೂಲಿ ಆಟಗಾರರು ಆಗಲೇ ಮೈಸೂರಿನ ಬಸ್ಸು ಹತ್ತಿದರು, ಉಳಿದ ಇಬ್ಬರು ಊರಿನವರ ಕೈಯಲ್ಲಿ ಬಾಯಿ ಬಿಡುವುದಿಲ್ಲವೆಂದು ಕಾರ್ಯದರ್ಶಿ ಆಣೆ ಹಾಕಿಸಿದ್ದ.

ಮರುದಿನ ಬೆಂಚು ಹೊಳೆಯುತ್ತಿತ್ತು. “ಕೀಪರ್ ಅಂದ್ರೆ ಅವ್ನು ಕಣಪ್ಪ,” ಎಂದ ಡ್ರೈವರಣ್ಣ. “ನಮ್ ಟೈಲರ್ ಆಗಿದ್ರೆ ಆ ಪೆನಾಲ್ಟಿ ಒಳಗೇ.”

ನನಗೆ ತಡೆಯಲಾಗಲಿಲ್ಲ. ಕೊಟ್ಟ ಮಾತು ಹಾಳಾಗಲಿ ಎಂದು ಎದ್ದು ಹೊರಗೆ ಬಂದೆ. “ಅಣ್ಣಾ, ಅದು ನಾನೇ.”

ಮೂವರೂ ನನ್ನನ್ನು ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮೇಷ್ಟ್ರು ಎದ್ದು ನನ್ನ ಭುಜದ ಮೇಲೆ ಕೈಯಿಟ್ಟು, “ಆಸೆ ಇರುತ್ತದಪ್ಪಾ, ತಪ್ಪಲ್ಲ,” ಎಂದರು.

“ನಾನ್ ಕಣ್ಣಾರೆ ನೋಡಿದ್ದೀನಿ,” ಎಂದ ಡ್ರೈವರಣ್ಣ.

“ಆ ಮಂಜಿನಲ್ಲಿ?”

“ಆಟ ಗೊತ್ತಿರೋನ್ಗೆ ಮಂಜೇನು ಅಡ್ಡ?”

ಸಂಜೆ ಕಾರ್ಯದರ್ಶಿ ಬಂದ. ಇವನಾದರೂ ಇವರ ಮುಂದೆ ನಿಜ ಹೇಳುತ್ತಾನೆಂದು ಅವನ ಮುಖವನ್ನೇ ನೋಡಿದೆ. ಅವನು ನನ್ನನ್ನು ಒಳಗೆ, ಇಸ್ತ್ರಿ ಮೇಜಿನ ಹಿಂದೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದ: “ನೀನು ಬೇಜಾರು ಮಾಡ್ಕೋಬಾರದು. ಇಡೀ ಊರೇ ಕೇಳ್ತಾ ಇದೆ. ಮುಂದಿನ ವರ್ಷದಿಂದ ಮೊದಲನೇ ಸುತ್ತಿನಿಂದಲೇ ಆ ಹೊರಗಿನ ಕೀಪರ್ ಅಂತ ಕಮಿಟಿಯಲ್ಲಿ ತೀರ್ಮಾನ ಆಗಿದೆ.”

ನನ್ನ ಸುತ್ತುಗಳೂ ಹೋದವು. ಕೊನೆಗೆ ಇಷ್ಟು ಕೇಳಿದೆ: “ಅವನಾದರೂ ಹೇಳಲಿಲ್ಲವಾ, ಆಡಿದ್ದು ತಾನಲ್ಲ ಅಂತ?”

“ಕಮಿಟಿ ಪ್ರೆಸಿಡೆಂಟರಿಗೆ ವಿಷಯ ಗೊತ್ತಿಲ್ಲವಲ್ಲ, ಅವರೇ ಅವನಿಗೆ ಫೋನ್ ಮಾಡಿ ಪೆನಾಲ್ಟಿ ಹಿಡಿದದ್ದಕ್ಕೆ ಹೊಗಳಿದರು,” ಎಂದ ಕಾರ್ಯದರ್ಶಿ. “ಅದಕ್ಕೆ ಅವನು, ‘ಅದೇನು ದೊಡ್ಡದಲ್ಲ ಸಾರ್, ಒದೆಯೋನು ಓಡಿ ಬಂದ ರೀತಿ ನೋಡೇ ಗೊತ್ತಾಯ್ತು, ಎಲ್ಲಿಗೆ ಹೊಡೀತಾನೆ ಅಂತ’ ಅಂದನಂತೆ.”