ಬಚ್ಚಲುಮನೆಯ ಪವರ್ ಹೌಸ್

ಹಟ ನನ್ನ ಸ್ವಭಾವವಲ್ಲ. ಸಾರಿಗೆ ಉಪ್ಪು ಮರೆತಿದ್ದರೂ ಸುಮ್ಮನೆ ಉಂಡು ಏಳುವ ಪ್ರಾಣಿ ನಾನು. ಆದರೆ ಇಂಥ ಸಾಧುಗಳಿಗೆ ಎಂದಾದರೊಮ್ಮೆ ಹಟ ಹಿಡಿಯುತ್ತದಲ್ಲ, ಅದು ಬಹಳ ಕೆಟ್ಟದ್ದು. ಅನುಭವಿಸುವವರು ಮನೆಮಂದಿ. ಶಹಾಬಾದಿನ ಬೇಸಿಗೆಯಲ್ಲಿ, ಅಂಗಳದ ಕಲ್ಲುಹಾಸಿನ ಮೇಲೆ ಬರಿಗಾಲಿಟ್ಟರೆ ಕುಣಿಯಬೇಕಾದ ದಿನಗಳಲ್ಲಿ, ನಮ್ಮ ಮನೆಯವರೆಲ್ಲ ಬಿಸಿನೀರು ಮೈಮೇಲೆ ಹುಯ್ದುಕೊಂಡದ್ದು ನನ್ನ ಅಂಥದೊಂದು ಹಟದಿಂದ.

ಆಗ ನಾನು ಹೈದರಾಬಾದಿನ ಯುನಿವರ್ಸಿಟಿಯಲ್ಲಿ ಕಾಮರ್ಸ್ ಕಲಿಸುತ್ತಿದ್ದೆ. ನಮ್ಮ ಸೀಮೆಯಲ್ಲಿ ವಕೀಲಿ ಗೊತ್ತು, ತಹಶೀಲು ಕಚೇರಿ ಗೊತ್ತು. ಕಾಮರ್ಸ್ ಅಂದರೆ ಅಂಗಡಿ ಇಡಲು ಅಷ್ಟು ದೂರ ಯಾಕೆ ಹೋಗಬೇಕು ಎಂದು ಕೇಳುತ್ತಿದ್ದರು. ಆದರೂ ನನ್ನ ಮಾತು ನಂಬಿ ಕುರಕುಂಟೆಯ ಬಸಣ್ಣ ತನ್ನ ದೊಡ್ಡ ಮಗ ವೆಂಕಣ್ಣನನ್ನು ಕಳಿಸಿದ್ದ. ಚಿತ್ತಾಪುರದ ಮಹಬೂಬನೂ ಅದೇ ತರಗತಿಗೆ ಸೇರಿದ್ದ. ಇಬ್ಬರೂ ಪಾಸಾದರು, ಇಬ್ಬರಿಗೂ ಕೆಲಸ ಸಿಗಲಿಲ್ಲ. ಬೇಸಿಗೆ ರಜೆಗೆ ನಾನು ಶಹಾಬಾದಿನ ಮನೆಗೆ ಬಂದದ್ದೇ ತಡ, ಬಸಣ್ಣ ನೆಟ್ಟಗೆ ನಮ್ಮ ಕಟ್ಟೆಗೇ ಬಂದು ಕುಳಿತ. “ಮಾಸ್ತರ್ರ, ನೀವೇ ಹಚ್ಚಿದ ವಿದ್ಯಾ ಇದು. ನೌಕ್ರಿನೂ ನೀವೇ ಹಚ್ಚಿ ಕೊಡ್ರಿ. ಇಲ್ಲಂದ್ರ ಮಳಿ ಬಿದ್ದ ಕೂಡ್ಲೇ ಅಂವ ಬಿತ್ತಲಿಕ್ಕ ಕೂರಿಗಿ ಹಿಡೀತಾನ.”

ಊರ ಹೊರಗೆ ಕಲ್ಲಿದ್ದಲು ಉರಿಸಿ ವಿದ್ಯುತ್ತು ಮಾಡುವ ಪವರ್ ಹೌಸಿತ್ತು. ಅಲ್ಲಿನ ಇಂಜಿನಿಯರ್ ಸಾಹೇಬರು ಗುಲ್ಬರ್ಗಾದವರು. ಮಾಮೂಲಿಗೆ ಉರ್ದು, ಸಿಟ್ಟು ಬಂದರೆ ಕನ್ನಡ. ನಾನು ಹೋಗಿ ಸಲಾಮು ಮಾಡಿ, ಹುಡುಗರಿಬ್ಬರಿಗೂ ಲೆಕ್ಕ ಬರೆಯುವ ಕೆಲಸ ಕೇಳಿದ ಕೂಡಲೇ ಕನ್ನಡ ಶುರುವಾಯಿತು. “ನಿಮ್ಮ ಹುಡುಗ್ರಿಗೆ ಇದ್ದಲಿ ಕಾಗದದ ಮ್ಯಾಲ ಇದ್ರಷ್ಟೇ ಗುರ್ತು ಹತ್ತತದ. ನನಗ ಅದು ಹ್ಯಾಂಗ ಉರೀತದ ಅನ್ನೋದು ತಿಳಿದ ಲೆಕ್ಕದವರು ಬೇಕ್ರಿ. ಬ್ಯಾಸಗಿ ಮುಗಿಯೋದ್ರಾಗ ಇವರಿಬ್ಬರ ಪರೀಕ್ಷಾ ಮಾಡಿ ನೋಡ್ತೀನಿ. ಇವರೂ ಹಂಗೇ ಇದ್ರ, ಮತ್ತ ನಿಮ್ಮ ಕಾಲೇಜಿನವರನ್ನ ಗೇಟಿಗೂ ತರಬ್ಯಾಡ್ರಿ.”

ಸಿಟ್ಟು ನೆತ್ತಿಗೇರಿತು. ತೋರಿಸಿಯೇ ಬಿಡುತ್ತೇನೆ ಎಂದುಕೊಂಡೆ. ಪವರ್ ಹೌಸ್ ಅಂದರೆ ಏನು ಮಹಾ? ಕೆಳಗೆ ಬೆಂಕಿ, ಮೇಲೆ ನೀರು. ನಮ್ಮ ಹಿತ್ತಲ ಬಚ್ಚಲುಮನೆಯ ಹಂಡೆಯೇ ಸ್ವಲ್ಪ ದೊಡ್ಡದಾದಂತೆ. (ಅಲ್ಲಿಯವರೆಗೆ ನಾನು ಬಾಯ್ಲರನ್ನು ಕಣ್ಣಾರೆ ಕಂಡವನಲ್ಲ, ಅದರಿಂದಲೇ ಇಷ್ಟು ಧೈರ್ಯ.) ವಾಡಿ ಜಂಕ್ಷನ್ನಿನಿಂದ ಬಂಡಿಯಲ್ಲಿ ಕಲ್ಲಿದ್ದಲು ತರಿಸಿದೆ. ತೂಗು, ಉರಿಸು, ನೀರು ಕುದಿಯಲು ಎಷ್ಟು ಹಿಡಿಯಿತು ನೋಡು, ಖರ್ಚು ಹಚ್ಚು. ಹುಡುಗರಿಬ್ಬರಿಗೂ ದಿನಾ ಇದೇ ಪಾಠ.

ಆದರೆ ನಮ್ಮದು ಮಡಿವಂತ ವೈಷ್ಣವರ ಮನೆ, ಮತ್ತು ನಮ್ಮ ಅವ್ವ ಇನ್ನೂ ಗಟ್ಟಿಯಾಗಿದ್ದಳು. ಬಂಡಿ ಹಿತ್ತಲಿಗೆ ತಿರುಗುವಷ್ಟರಲ್ಲಿ ಒದ್ದೆ ಸೀರೆಯಲ್ಲೇ ಎದುರಿಗೆ ನಿಂತಳು. “ರೇಲ್ವೆದಾಗ ಯಾರ್ಯಾರು ಮುಟ್ಟ್ಯಾರೋ ಏನೋ! ಕಟಗಿನೇ ತೊಳದು ಒಲಿಗೆ ಹಚ್ಚೋ ಮನಿ ಇದು. ನೀರು ಹಾಕಿ ಒಳಗ ತಗೋರಿ.”

“ಅವ್ವಾ, ಉರಿಯೋ ಸಾಮಾನಿಗೆ ನೀರೇನ?”

“ನಿನಗೂ ಹಾಕತೀನಿ, ಅದಕ್ಕೂ ಹಾಕತೀನಿ. ಸುಮ್ನ ಸರಿ ಆಕಡಿ.”

ಹೀಗಾಗಿ ನಮ್ಮ ಪಾಠದ ಮೊದಲ ಮೆಟ್ಟಿಲು ಪ್ರೋಕ್ಷಣೆಯೆಂದು ತೀರ್ಮಾನವಾಯಿತು. ವೆಂಕಣ್ಣ ಕೊಡ ಬಗ್ಗಿಸುತ್ತಿದ್ದ, ಮಹಬೂಬ ಬುಟ್ಟಿ ಕುಲುಕುತ್ತಿದ್ದ (ನೀರು ಬಿದ್ದ ಮೇಲೆ ಯಾರು ಮುಟ್ಟಿದರೂ ಅವ್ವನ ತಕರಾರಿರಲಿಲ್ಲ), ನೀರು ಇಳಿದ ಮೇಲೆ ತಕ್ಕಡಿ. ಬೆಂಕಿ ಹಚ್ಚಿದರೆ ಉರಿಗಿಂತ ಹೊಗೆಯೇ ಜಾಸ್ತಿ. ಓಣಿಯವರು ಕೆಮ್ಮುತ್ತ ಬಂದು, “ರಾಯರ, ಹೋಮ ಏನರ ನಡಸ್ಲಿಕತ್ತೀರೇನು?” ಎಂದು ವಿಚಾರಿಸಿ ಹೋದರು. ಕುದಿದ ನೀರನ್ನು ಚೆಲ್ಲಲು ಅವ್ವ ಬಿಡಲಿಲ್ಲ. ಹಾಗಾಗಿ ಆ ಬಿಸಿಲಿನಲ್ಲಿ ಎಲ್ಲರಿಗೂ ಬಿಸಿನೀರು. ಹೆಂಡತಿ ನನ್ನೊಂದಿಗೆ ಮಾತು ಬಿಟ್ಟಳು. ನಾನು ಪಾಠ ಬಿಡಲಿಲ್ಲ.

ಪರೀಕ್ಷೆಯ ದಿನ ಸಾಹೇಬರು ಹುಡುಗರನ್ನು ಆಗ ತಾನೇ ಬಂದ ಕಲ್ಲಿದ್ದಲಿನ ರಾಶಿಯ ಮುಂದೆ ನಿಲ್ಲಿಸಿದರು. ಪಕ್ಕದಲ್ಲಿ ಆ ಕಲ್ಲಿದ್ದಲು ತೂಕಕ್ಕೆ ಮಾರುವ ಗುತ್ತೇದಾರನ ಮನುಷ್ಯ, ಹಿಂದೆ ನಾನು. “ಈ ಮಾಲು ಲೆಕ್ಕಕ್ಕ ತಗೋಬೇಕು. ಮೊದ್ಲು ಏನು ಮಾಡ್ತೀರಿ?”

ವೆಂಕಣ್ಣ ಒಂದಿಷ್ಟೂ ತಡವರಿಸಲಿಲ್ಲ. “ಮೊದ್ಲು ನೀರು ಹಾಕತೀವ್ರಿ. ಆಮ್ಯಾಲ ತೂಗತೀವಿ.”

ತೂಕ ಬರಲೆಂದು ನೀರು ಹಾಕುವವರು ಮೋಸಗಾರರು ಎಂಬುದು, ಕಾಮರ್ಸ್ ಅಧ್ಯಾಪಕನಾದ ನನಗೆ, ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿದರು. “ಮಾಸ್ತರ್ ಸಾಬ್, ಇವರನ್ನ ನನ್ನ ನೌಕರಿಗೆ ತಯಾರ ಮಾಡೀರೋ, ಗುತ್ತೇದಾರನ ಧಂದಾಕ್ಕೋ?” ಹುಡುಗರಿಗೆ ಗೇಟಿನ ಕಡೆ ಕೈ ತೋರಿಸಿದರು.

ವೆಂಕಣ್ಣನ ಮುಖ ನೋಡಲಾಗಲಿಲ್ಲ. ನನ್ನ ಹಟಕ್ಕಾಗಿ ಅವನು ಕೂರಿಗೆ ಹಿಡಿಯಬೇಕಾಯಿತಲ್ಲ ಎಂದುಕೊಂಡೆ.

ಮಹಬೂಬ ಮಾತ್ರ ಕದಲಲಿಲ್ಲ. ರಾಶಿಯೊಳಗೆ ಮೊಳಕೈವರೆಗೆ ಕೈ ತೂರಿಸಿ ಒಂದು ಹೆಂಟೆ ಎಳೆದ, ಮೂಸಿದ, ಅಂಗೈಯಲ್ಲಿ ತೂಗಿ ನೋಡಿದ. “ಸಾಬ್, ಇದಕ್ಕ ನೀರು ಹಾಕೋದು ಬ್ಯಾಡ. ಮೊದಲೇ ಹಾಕ್ಯಾರ. ಮ್ಯಾಲಿಂದು ಬಿಸಲಿಗೆ ಒಣಗ್ಯಾದ, ಒಳಗಿಂದು ತೊಯ್ದದ. ಬ್ಯಾಸಗಿ ಪೂರಾ ತೊಯ್ದಿದ್ದೇ ಹಿಡದೀವಿ, ಕೈಗೆ ಗೊತ್ತಾಗತದ.” ವೆಂಕಣ್ಣನೂ ಕೈ ಹಾಕಿದ. “ಹೌದ್ರಿ ಸಾಬ್. ಇದು ಉರಿಯಂಗಿಲ್ಲ, ಬರೇ ಹೊಗೀ.”

ಸಾಹೇಬರು ತಾವೇ ಸಲಿಕೆ ತೆಗೆದುಕೊಂಡು ಅಗೆದರು. ಅಡಿಯಿಂದ ನೀರು ಜಿನುಗಿತು. ಗುತ್ತೇದಾರನ ಮನುಷ್ಯ ಆಕಾಶ ನೋಡುತ್ತ ನಿಂತ. ಮಳೆ ಬಂದಿತ್ತು ಅನ್ನಲು ಅಲ್ಲಿ ಒಂದು ಮೋಡವೂ ಇರಲಿಲ್ಲ.

ಇಬ್ಬರಿಗೂ ನೌಕರಿಯಾಯಿತು. ನಾನು ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ. ಮರುದಿನ ಬಸಣ್ಣ ಪೇಡೆಯ ಪೊಟ್ಟಣ ಹಿಡಿದು ಬಂದ. ಅವನ ಕಣ್ಣಲ್ಲಿ ನೀರಿತ್ತು. ವಿದ್ಯೆಯ ಮಹತ್ವದ ಕುರಿತು ನಾಲ್ಕು ಮಾತು ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರುಮಾಡಿದ.

“ಮಾಸ್ತರ್ರ, ಸಣ್ಣ ಮಗ ಒಬ್ಬಂವ ಇದ್ದಾನ್ರಿ. ಅವನ್ನ ಯುನಿವರ್ಸಿಟಿಗೆ ಕಳಸಿ ಸುಮ್ನ ಯಾಕ ವರ್ಷ ಕೆಡಸೋದು? ನಿಮ್ಮ ಬಚ್ಚಲಮನಿಗೇ ಹಾಕಿಬಿಡ್ತೀನಿ.”