ಅಲೆಬಾಗಿಲಿನ ಹದಿನಾಲ್ಕು ಲಕ್ಷ ನಿವಾಸಿಗಳು

ಬಹಳ ಹಿಂದೆ, ಹಗಲು ಹೊತ್ತಿನಲ್ಲಿ ಬರಲು ಕಳ್ಳರು ಇನ್ನೂ ನಾಚುತ್ತಿದ್ದ ಕಾಲದಲ್ಲಿ, ಕಡಲ ದಂಡೆಯ ಮೇಲೊಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ನಿಶ್ಚಿಂತವರ್ಮ ಮಹಾರಾಜ. ಅವನ ಅರಮನೆಗೆ ಏಳು ಸುತ್ತಿನ ಕೋಟೆ, ಮುನ್ನೂರು ಕಾವಲುಗಾರರು, ಸಾಲದ್ದಕ್ಕೆ ಸಿಸಿ ಕ್ಯಾಮೆರಾ. ಆದ್ದರಿಂದ ತನ್ನ ರಾಜ್ಯದಲ್ಲಿ ಯಾರಿಗೂ ಯಾವ ಭಯವೂ ಇಲ್ಲ ಎಂಬುದು ಆತನಿಗೆ ಸ್ವಾನುಭವದಿಂದಲೇ ಗೊತ್ತಿತ್ತು.

ಕಿರಿಕಿರಿ ಇದ್ದದ್ದು ಅಲೆಬಾಗಿಲು ಎಂಬ ಬಡಾವಣೆಯದು. ಕಡಲಿಗೆ ಮುಖ ಮಾಡಿ ಒಂಬೈನೂರು ಜನ ಬದುಕುವ ಆ ಕೇರಿಯಲ್ಲಿ ವರ್ಷಕ್ಕೆ ನಾನೂರು ಕಳವು. ಮೊದಲು ಬೀದಿದೀಪದ ಬಲ್ಬು ಹೋಯಿತು, ಆಮೇಲೆ ಕಂಬವೇ ಹೋಯಿತು. ಕಂಬ ಹೋದ ಜಾಗ ನೋಡಲು ಬಂದ ಪೇದೆಯ ಸೈಕಲ್ಲೂ ಹೋಯಿತು. ಅಂದಿನಿಂದ ಪೇದೆ ಆ ಕಡೆ ತಲೆ ಹಾಕಲಿಲ್ಲ.

ಬೇಬಿಯಕ್ಕನ ದೋಣಿಯ ಇಂಜಿನ್ ಹೋದಾಗ ಮಾತ್ರ ಆಕೆ ಸುಮ್ಮನೆ ಕೂರಲಿಲ್ಲ. ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ತಾನೇ ಕಡಲಿಗಿಳಿದು, ತಾನೇ ಮೀನು ಮಾರಿ, ಮೂರು ಹೊತ್ತೂ ಆತನಿಗೆ ಗಂಜಿ ಕುಡಿಸಿ ಮಗ್ಗುಲು ಬದಲಿಸುತ್ತಿದ್ದ ಹೆಂಗಸು. ನೇರ ರಾಜಸಭೆಗೇ ಬಂದಳು.

"ಇಂಜಿನ್ ಹೊತ್ತುಕೊಂಡು ಹೋದವನನ್ನು ನಾನು ಕಣ್ಣಾರೆ ನೋಡಿದ್ದೇನೆ ಸ್ವಾಮಿ. ಅವನ ಹೆಸರೂ ಗೊತ್ತುಂಟು, ಮನೆಯೂ ಗೊತ್ತುಂಟು. ನಿಮ್ಮವರು ಒಬ್ಬರು ನನ್ನೊಟ್ಟಿಗೆ ಬಂದರೆ ಸಾಕು ಮಾರಾಯ್ರೆ."

ಸಭೆ ತಬ್ಬಿಬ್ಬಾಯಿತು. ಪ್ರಜೆಯೊಬ್ಬಳು ಕಳ್ಳನ ವಿಳಾಸ ಹಿಡಿದುಕೊಂಡು ಬಂದ ಪೂರ್ವನಿದರ್ಶನವೇ ಇರಲಿಲ್ಲ. ಸುರಕ್ಷೆ ಮತ್ತು ಅಂಕಿಅಂಶ ಖಾತೆಯ ಮಂತ್ರಿ ಗಣಿತಶೇಖರ ಎದ್ದು ನಿಂತ.

"ಅಮ್ಮಾ, ನಿನ್ನದು ಬಿಡಿ ಪ್ರಕರಣ. ಪ್ರಭುಗಳು ಬಿಡಿಬಿಡಿಯಾಗಿ ನೋಡುವುದಿಲ್ಲ, ಸರಾಸರಿಯಲ್ಲಿ ನೋಡುತ್ತಾರೆ" ಎಂದು ಆಕೆಯನ್ನು ಮರ್ಯಾದೆಯಿಂದಲೇ ಹೊರಗೆ ಕಳಿಸಲಾಯಿತು.

ಆದರೆ ಸರಾಸರಿಯೂ ಚೆನ್ನಾಗಿರಲಿಲ್ಲ. ಆ ವರ್ಷ ಸುತ್ತಲ ಹತ್ತು ರಾಜ್ಯಗಳು ಸೇರಿ 'ಸುರಕ್ಷಿತ ಕರಾವಳಿ ಕಿರೀಟ' ಕೊಡುವುದಿತ್ತು. ಮಹಾರಾಜನಿಗೆ ಒಂದು ಕಿರೀಟ ಆಗಲೇ ಇತ್ತು, ಆದರೂ ಆಸೆ.

"ಪ್ರಭೂ," ಎಂದ ಮಂತ್ರಿ, "ಅಪರಾಧ ಪ್ರಮಾಣ ಎಂಬುದು ಬರೀ ಭಾಗಾಕಾರ. ಮೇಲೆ ಕಳವು, ಕೆಳಗೆ ಜನಸಂಖ್ಯೆ. ಮೇಲಿನದನ್ನು ಇಳಿಸಬೇಕಾದರೆ ಕಳ್ಳರನ್ನು ಹಿಡಿಯಬೇಕು. ಅವರು ಓಡುತ್ತಾರೆ. ಕೆಳಗಿನದನ್ನು ಏರಿಸಲು ಯಾರ ಹಿಂದೆಯೂ ಓಡಬೇಕಾಗಿಲ್ಲ."

"ಅಷ್ಟು ಜನರನ್ನು ಎಲ್ಲಿಂದ ತರುತ್ತೀ?"

"ಕಡಲಿದೆಯಲ್ಲ, ಪ್ರಭೂ."

ಮಾರನೇ ದಿನವೇ ಗಣತಿ ಶುರುವಾಯಿತು. ಶಾಲಾ ಮೇಷ್ಟ್ರುಗಳನ್ನು ದೋಣಿ ಹತ್ತಿಸಿ, ಕೈಗೆ ನಮೂನೆಗಳನ್ನು ಕೊಟ್ಟು ಕಳಿಸಿದರು. ಬಂಗುಡೆ ಮೀನಿನ ಹಿಂಡನ್ನು ಅವಿಭಕ್ತ ಕುಟುಂಬ ಎಂದು ಬರೆದುಕೊಂಡರು. ವೃತ್ತಿಯ ಕಾಲಂನಲ್ಲಿ ಈಜು. ಏಡಿ ನೀರಲ್ಲೂ ಇರುತ್ತದೆ, ದಂಡೆಯಲ್ಲೂ ಇರುತ್ತದೆ ಎಂಬ ಕಾರಣಕ್ಕೆ ಅದನ್ನು ಎರಡು ಸಲ ಎಣಿಸಿದರು. ಒಬ್ಬ ಮೇಷ್ಟ್ರು ಸಿಗಡಿಯ ತಂದೆಯ ಹೆಸರೇನೆಂದು ಬರೆಯಲಿ ಎಂದು ಕೇಳಿ ಅಮಾನತಾದ. ಹದಿನೈದು ದಿನದಲ್ಲಿ ಅಲೆಬಾಗಿಲಿನ ಜನಸಂಖ್ಯೆ ಹದಿನಾಲ್ಕು ಲಕ್ಷವಾಯಿತು, ಅಪರಾಧ ಪ್ರಮಾಣ ನೆಲಕಚ್ಚಿತು.

ಆಸ್ಥಾನಕವಿ ಗದ್ಗದಿತನಾದ. "ಕಳ್ಳರ ಕೂದಲೂ ಕೊಂಕದಂತೆ ಕಳ್ಳತನವನ್ನು ಅಡಗಿಸಿದ ದೊರೆಯನ್ನು ಲೋಕ ಕಂಡಿರಲಿಲ್ಲ, ಪ್ರಭೂ. ಇದು ಅಹಿಂಸೆಯ ಪರಾಕಾಷ್ಠೆ."

ಇತ್ತ ಬೇಬಿಯಕ್ಕ ಇಂಜಿನ್ ಇಲ್ಲದೆ ಹುಟ್ಟು ಹಾಕಿಕೊಂಡೇ ಕಡಲಿಗೆ ಹೋದಳು. ರಟ್ಟೆ ಸೋಲುವಷ್ಟು ದುಡಿದು ಒಂದು ಬುಟ್ಟಿ ಬಂಗುಡೆ ತಂದು ಮಾರ್ಕೆಟ್ಟಿನಲ್ಲಿ ಕೂತಳು. ಕೊತ್ವಾಲ ಬಂದು ಬುಟ್ಟಿಗೆ ಇಣುಕಿದ, ಕಂಕುಳಲ್ಲಿದ್ದ ನಿವಾಸಿಗಳ ಪಟ್ಟಿ ತೆರೆದ.

"ಎಷ್ಟು?"

"ನೂರಕ್ಕೆ ಎಂಟು. ನಿಮಗೆ ಒಂದು ಹೆಚ್ಚು ಹಾಕ್ತೇನೆ."

"ಒಟ್ಟು ಎಷ್ಟು ಅಂತ ಕೇಳಿದ್ದು. ಎಂಬತ್ತಾದರೂ ಇವೆ. ಎಂಬತ್ತು ಕೊಲೆ."

"ಅದು ಮೀನು ಮಾರಾಯ್ರೆ."

"ಸತ್ತವರ ಬಗ್ಗೆ ಹಗುರವಾಗಿ ಮಾತಾಡಬೇಡ" ಎಂದು ಕೊತ್ವಾಲ ಕೋಳ ತೊಡಿಸಿದ.

ಪಾಪ, ಅವನ ಸಂತೋಷವನ್ನೂ ಅರ್ಥ ಮಾಡಿಕೊಳ್ಳಬೇಕು. ಮೂವತ್ತು ವರ್ಷದ ಸೇವೆಯಲ್ಲಿ ಒಬ್ಬ ಕಳ್ಳನೂ ಕೈಗೆ ಸಿಕ್ಕಿರಲಿಲ್ಲ. ಈಗ ನೋಡಿದರೆ ಕೊಲೆಗಡುಕರು ಸಾಲಾಗಿ ಕೂತು, ಬನ್ನಿ ಬನ್ನಿ ಎಂದು ತಾವೇ ಕರೆಯುತ್ತಿದ್ದಾರೆ. ಒಂದೇ ವಾರದಲ್ಲಿ ಕೇರಿಯ ಪ್ರತಿಯೊಬ್ಬರ ಕೈ ಮೂಸಿ ನೋಡಿ, ವಾಸನೆ ಬಂದವರನ್ನೆಲ್ಲ ಸೆರೆಮನೆಗೆ ತುಂಬಿದ. ಕಳ್ಳರು ಮಾತ್ರ ನಿರ್ದೋಷಿಗಳಾಗಿ ಉಳಿದರು. ಅವರು ಜನ್ಮದಲ್ಲಿ ಬಲೆ ಮುಟ್ಟಿದವರಲ್ಲ.

ಬೇಬಿಯಕ್ಕನ ವಿಚಾರಣೆ ಮಹಾರಾಜನ ಮುಂದೆಯೇ ನಡೆಯಿತು. ಹೇಳುವುದೇನಾದರೂ ಇದೆಯೇ ಎಂದು ಕೇಳಿದರು.

"ಮನೆಯಲ್ಲಿ ಅವರೊಬ್ಬರೇ ಮಲಗಿದ್ದಾರೆ. ಗಂಜಿ ಕೊಡ್ಲಿಕ್ಕೆ ಜನ ಇಲ್ಲ, ಅಕ್ಕಪಕ್ಕದವರೆಲ್ಲ ಇಲ್ಲಿಯೇ ಇದ್ದಾರಲ್ಲ. ನನ್ನನ್ನು ಬೇಕಾದರೆ ಇಟ್ಟುಕೊಳ್ಳಿ, ಒಬ್ಬರನ್ನಾದರೂ ಬಿಡಿ. ಮತ್ತೆ, ಇಂಜಿನ್ ಕದ್ದವನ ಹೆಸರು ಈಗಲೂ ನೆನಪುಂಟು. ಬರೆದುಕೊಳ್ಳುವುದಾದರೆ ಹೇಳ್ತೇನೆ."

ಲಿಪಿಕಾರ ಲೇಖನಿಯನ್ನು ಕೆಳಗಿಟ್ಟ. ಮಂತ್ರಿ ಆಕಳಿಸಿದ. ಓದುಗರೇ, ಕಥೆ ಹೇಳುವವನಿಗೆ ಸಿಟ್ಟು ಬರಬಾರದಂತೆ, ನನಗೆ ಬರುತ್ತದೆ. ಆಕೆಗೆ ಎಂಬತ್ತು ಕೊಲೆಗೆ ಎಂಬತ್ತು ತಿಂಗಳ ಶಿಕ್ಷೆಯಾಯಿತು, ಮೀನಿನ ಗಾತ್ರ ನೋಡಿ ರಿಯಾಯಿತಿ ಕೊಟ್ಟಿದ್ದೇವೆ ಎಂದು ತೀರ್ಪಿನಲ್ಲಿ ಬರೆದರು.

ಅದರ ಮುಂದಿನ ತಿಂಗಳಿನಿಂದ ಅಲೆಬಾಗಿಲಿನಿಂದ ಒಂದೇ ಒಂದು ದೂರೂ ಬರಲಿಲ್ಲ. ಹತ್ತು ರಾಜ್ಯಗಳ ಪ್ರತಿನಿಧಿಗಳು ಬಂದು ನಿರ್ಜನವಾದ ದಂಡೆಯಲ್ಲಿ ಅಡ್ಡಾಡಿ, ಇಷ್ಟು ಪ್ರಶಾಂತ ಬಡಾವಣೆಯನ್ನು ತಾವು ಎಲ್ಲಿಯೂ ಕಂಡಿಲ್ಲವೆಂದು ಷರಾ ಬರೆದರು. ನಿಶ್ಚಿಂತವರ್ಮನಿಗೆ ಕಿರೀಟಧಾರಣೆಯಾಯಿತು. ಔತಣಕ್ಕೆ ಅಂಜಲ್ ಫ್ರೈ ಬಡಿಸಿದರು. ಮೀನು ಪಕ್ಕದ ರಾಜ್ಯದ್ದು, ಇಲ್ಲಿಯ ನಿವಾಸಿಯಲ್ಲ, ಹಾಗಾಗಿ ಕಾನೂನಿನ ತೊಡಕಿರಲಿಲ್ಲ.

ಸೆರೆಮನೆಯ ಕಾವಲುಗಾರ ಪೇಪರ್ ಹಿಡಿದುಕೊಂಡು ಬೇಬಿಯಕ್ಕನ ಕೋಣೆಯ ಮುಂದೆ ನಿಂತ. ಒಳ್ಳೆಯ ಮನುಷ್ಯ, ಖುಷಿಯ ಸುದ್ದಿ ಇದ್ದರೆ ಓದಿ ಹೇಳುತ್ತಿದ್ದ.

"ಬೇಬಿಯಕ್ಕ, ನಿಮ್ಮ ಕೇರಿಗೆ ಮೊದಲ ಬಹುಮಾನ ಬಂದಿದೆ."

"ಹೌದಾ. ನನ್ನ ಮನೆ ಹೇಗುಂಟು?"

"ಫೋಟೋ ಹಾಕಿದ್ದಾರೆ. ಬಾಗಿಲು, ಹೆಂಚು ಯಾರೋ ಕಿತ್ತುಕೊಂಡು ಹೋದ ಹಾಗೆ ಕಾಣುತ್ತದೆ. ಗೋಡೆಯ ಮೇಲೆ ಕಿರೀಟದ ಚಿತ್ರ ಬರೆಸಿದ್ದಾರೆ, ಚಂದ ಉಂಟು."

"ಒಳಗೆ ಅವರು ಮಲಗಿದ್ದರಲ್ಲ?"

ಕಾವಲುಗಾರ ಪೇಪರನ್ನು ತಿರುವಿ ಮುರುವಿ, ಹಿಂದಿನ ಪುಟದವರೆಗೂ ಹುಡುಕಿದ.

"ಅವರಿಂದಲೂ ಯಾವ ದೂರೂ ಬಂದಿಲ್ಲವಂತೆ" ಎಂದ.