ಮಾವನ ರೇಡಿಯೋಕ್ಕೆ ದಪ್ಪ ಸೆಲ್ಲು

ಮಾವನ ಮನೆಗೆ ಹೋದ ಅಳಿಯ ಕೂತಲ್ಲಿ ಕೂತು, ಬಡಿಸಿದ್ದನ್ನು ಉಂಡು, ಕೇಳಿದ್ದಕ್ಕೆಲ್ಲ ‘ಹೂಂ’ ಅಂದುಕೊಂಡಿದ್ದರೆ ಅವನಷ್ಟು ಮರ್ಯಾದಸ್ಥ ಇನ್ನೊಬ್ಬನಿಲ್ಲ. ತಾನೂ ನಾಲ್ಕು ಜನಕ್ಕೆ ಉಪಯೋಗಕ್ಕೆ ಬರಬೇಕು ಅಂತ ಹೊರಟನೋ, ಕೆಟ್ಟ. ನಾನು ಚನ್ನಪಟ್ಟಣದಲ್ಲಿ ವಿಜ್ಞಾನದ ಮೇಷ್ಟ್ರು. ಮಕ್ಕಳ ಮುಂದೆ ಪುಟ್ಟ ಬಲ್ಬು ಹೊತ್ತಿಸಿ ಚಪ್ಪಾಳೆ ಗಿಟ್ಟಿಸಿ ಅಭ್ಯಾಸವಾದವನಿಗೆ ದೊಡ್ಡವರಿಂದಲೂ ಭೇಷ್ ಅನ್ನಿಸಿಕೊಳ್ಳುವ ಚಪಲ. ಅದರ ಫಲವಾಗಿ ಈಗ ಮಾವನ ಊರಿನ ಬಸ್ಸು ಕಂಡರೂ ಕೊಡೆ ಅಡ್ಡ ಹಿಡಿಯುತ್ತೇನೆ.

ಮಾವನವರದು ಕನಕಪುರದ ಕಡೆಯ ಹಳ್ಳಿ. ರೇಷ್ಮೆಗೆ ಒಳ್ಳೆಯ ಕಾಲ ಬಂದು ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾದ ಮೇಲೆ ಅವರು ಅಂಗೈಯಲ್ಲಿ ಹಿಡಿಸುವ ಟ್ರಾನ್ಸಿಸ್ಟರ್ ಒಂದನ್ನು ಕೊಂಡಿದ್ದರು. ಸೊಪ್ಪು ಕೊಯ್ಯುವಾಗಲೂ ಅದು ಕಿವಿಗೇ. ಅದರ ಹೊಟ್ಟೆಗೆ ಎರಡು ಸಣ್ಣ ಸೆಲ್ಲು, ಅವೋ ನೋಡನೋಡುತ್ತಾ ಮುಗಿದುಹೋಗುತ್ತಿದ್ದವು. “ಇದೇನ್ ಬುಡಿ, ಹುಳಕ್ಕಿಂತ ಹೆಚ್ಚು ಮೇಯ್ತೈತೆ” ಎಂದು ಮಾವ ಗೊಣಗಿದರು. ಅಷ್ಟೇ ಸಾಕಾಯಿತು ನನಗೆ. ನಮ್ಮೂರಿನ ಬೊಂಬೆ ಮಾಡುವವರಲ್ಲಿಗೆ ಹೋಗಿ ಮರದ ಕೊಳವೆಯೊಂದನ್ನು ಕಡೆಸಿ, ಕೆಂಪು ಹಳದಿ ಅರಗು ಹಚ್ಚಿಸಿದೆ. ಒಳಗೆ ಟಾರ್ಚಿನ ಎರಡು ದಪ್ಪ ಸೆಲ್ಲು, ತುದಿಯಲ್ಲಿ ಸುರುಳಿ ಸ್ಪ್ರಿಂಗು, ತಿರುಪಿನ ಮುಚ್ಚಳ, ಒಂದು ತೂತಿನಿಂದ ರೇಡಿಯೋಕ್ಕೆ ವೈರು. ದಾರ ಕಟ್ಟಿ ಮಾವನ ಕೊರಳಿಗೆ ನೇತುಹಾಕಿದೆ. “ಏನ್ ಗೌಡ್ರೆ, ಲಟ್ಟಣಿಗೆ ಕತ್ಗಾಕ್ಕೊಂಡಿದ್ದೀರಿ?” ಎಂದು ಊರವರು ನಕ್ಕರೆ ಮಾವ ಸೊಂಟ ನೆಟ್ಟಗೆ ಮಾಡಿ, “ನಮ್ಮಳೀಮಯ್ಯ ಮಾಡಿರೋದು ಕಣ್ಲಾ! ಇನ್ನು ಸೆಲ್ಲಿಗೆ ಅಂಗಡಿಗೋಗಂಗಿಲ್ಲ” ಎನ್ನುತ್ತಿದ್ದರು. ನಾನು ಜಗುಲಿಯ ಮೇಲೆ ಕೂತು ಏನೂ ಕೇಳಿಸದವನ ಹಾಗೆ ಮುಖ ಮಾಡಿಕೊಂಡಿರುತ್ತಿದ್ದೆ.

ಹುಳು ಹಣ್ಣಾದ ದಿನ, ಅಂದರೆ ಮೇಯುವುದು ಬಿಟ್ಟು ಗೂಡು ಕಟ್ಟಲು ಸಿದ್ಧವಾದ ದಿನ. ನೆಂಟರಿಷ್ಟರೆಲ್ಲ ಬಂದು ಹಣ್ಣುಹುಳು ಆರಿಸಿ ಚಂದ್ರಿಕೆಯ ಮೇಲೆ ಬಿಡುತ್ತಿದ್ದರು. ಬಿದಿರು ತಟ್ಟೆಯ ಮೇಲೆ ದಬ್ಬೆಯ ಪಟ್ಟಿಯನ್ನು ಸುರುಳಿ ಸುತ್ತಿದ ಆ ಚಂದ್ರಿಕೆಯಲ್ಲೇ ಹುಳು ಗೂಡು ಕಟ್ಟುವುದು. ಸೆಲ್ಲಿಗೆ ಒಂದಿಷ್ಟು ಬಿಸಿಲು ತೋರಿಸಿದರೆ ಆಯುಸ್ಸು ಹೆಚ್ಚುತ್ತದೆಂದು ನಾನು ಕೊಳವೆಯ ಮುಚ್ಚಳ ಬಿಚ್ಚಿ, ಎಲ್ಲವನ್ನೂ ಅಂಗಳದ ಚಂದ್ರಿಕೆಯೊಂದರ ಅಂಚಿನಲ್ಲಿ ಹರವಿದೆ. ವಿಜ್ಞಾನದ ಮೇಷ್ಟ್ರು! ಬಿಸಿಲು ಇಳಿದ ಮೇಲೆ ಅವನ್ನು ಎತ್ತಿ ಒಳಗಿಟ್ಟವರು ನಮ್ಮ ಅತ್ತೆ. ನಾನು ನೋಡದೆ ಮಾಡದೆ ಸೆಲ್ಲು ತುಂಬಿ ಮುಚ್ಚಳ ತಿರುಪಿದೆ. ಸಂಜೆ ನೆಂಟರ ಮುಂದೆ ಮಾವ ಗುಂಡಿ ತಿರುಗಿಸಿದರೆ ರೇಡಿಯೋ ಉಸಿರೇ ಎತ್ತಲಿಲ್ಲ.

ಎಲ್ಲರ ಕಣ್ಣೂ ನನ್ನ ಮೇಲೆ. ಗೊತ್ತಿಲ್ಲ ಅನ್ನಬಹುದಿತ್ತು. “ಯಾರೋ ಒದ್ದೆ ಕೈಯಲ್ಲಿ ಮುಟ್ಟಿದ್ದಾರೆ” ಅಂದುಬಿಟ್ಟೆ.

ಬೇರೆ ಮನೆಯಲ್ಲಿ ಅದು ಸಣ್ಣ ಮಾತು. ಹುಳು ಸಾಕುವ ಮನೆಯಲ್ಲಿ ಹಾಗಲ್ಲ. ಒದ್ದೆ ಸೊಪ್ಪು, ಒದ್ದೆ ಕೈ ತಾಕಿದರೆ ಹುಳುವಿಗೆ ರೋಗ. ಅತ್ತೆಯ ಕೈ ಒಣಗೈ, ಒಳ್ಳೆ ಕೈ ಎಂದು ಊರೇ ಹೇಳುತ್ತಿತ್ತು. ಮರಿಹುಳುವಿಗೆ ಮೊದಲ ಸೊಪ್ಪು ಹಾಕಲು ಅಕ್ಕಪಕ್ಕದವರು ಅವರನ್ನೇ ಕರೆಯುತ್ತಿದ್ದರು. ಮಾವ ಎಲ್ಲರ ಎದುರೇ ಅವರ ಮೇಲೆ ರೇಗಿದರು. ಅತ್ತೆ ಅಳಿಯನ ಎದುರು ನಿಂತು ಮಾತಾಡುವವರಲ್ಲ, ಏನಿದ್ದರೂ ಬಾಗಿಲ ಮರೆಯಿಂದ. ಅಲ್ಲಿಂದ “ನನ್ ಕೈ ಒದ್ದೆ ಇರ್ನಿಲ್ಲ ಕಣ್ ರತ್ನ” ಎಂದು ನನ್ನ ಹೆಂಡತಿಗೆ ಹೇಳಿದ್ದು ಕೇಳಿಸಿತು. ಆ ವಾರವೇ ಪಕ್ಕದ ಮನೆಯಲ್ಲಿ ಮರಿಹುಳು ಆಯಿತು. ಅತ್ತೆಗೆ ಕರೆ ಬರಲಿಲ್ಲ.

ಗೂಡು ಬಿಡಿಸುವ ದಿನ ಮಾವ, “ಅದ್ನ ಬಿಚ್ಚಾಕ್ಬುಡಿ, ಸಣ್ ಸೆಲ್ಲೇ ಆಯ್ತದೆ” ಎಂದರು. ಮುಚ್ಚಳ ತಿರುಗಿಸಿದೆ. ಸ್ಪ್ರಿಂಗಿನ ಸುರುಳಿಯೊಳಗೆ, ಸೆಲ್ಲಿಗೂ ಅದಕ್ಕೂ ನಡುವೆ ನೂಲಿನ ಹೊದಿಕೆ ಹಾಸಿ, ಕರೆಂಟಿನ ದಾರಿ ಮುಚ್ಚಿ, ಹಳದಿ ಗೂಡೊಂದು ಬೆಚ್ಚಗೆ ಕೂತಿತ್ತು! ಯಾವುದೋ ಹಣ್ಣುಹುಳು ಅದನ್ನೂ ಚಂದ್ರಿಕೆಯೆಂದೇ ನಂಬಿತ್ತು. ಪಕ್ಕದ ಮನೆಯಾಕೆ ಅದನ್ನು ಕಿತ್ತು, ಕಿವಿಯ ಹತ್ತಿರ ಅಲ್ಲಾಡಿಸಿ, “ಗಟ್ಟಿ ಗೂಡು ಕಣ್ರವ್ವ!” ಎಂದಳು. ಅಂಗಳವೆಲ್ಲ ನಕ್ಕಿತು. ಅತ್ತೆ ನಗಲಿಲ್ಲ, ಸೆರಗು ಕೊಡವಿ ಒಳಗೆ ಹೋದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಊಟಕ್ಕೆ ಮೊದಲು ಧೈರ್ಯ ಮಾಡಿ ಅಡುಗೆಮನೆಯ ಬಾಗಿಲ ಹತ್ತಿರ ಹೋದೆ. ಮರೆಯಲ್ಲಿ ಸೆರಗು ಕಂಡಿತು. ತಲೆ ತಗ್ಗಿಸಿ, “ತಪ್ಪಾಯ್ತು ಅತ್ತೆ. ನಿಮ್ಮ ಕೈಗೆ ಹೆಸರು ಕೆಡಿಸಿದೆ. ಊರವರ ಮುಂದೆ ನಾನೇ ಹೇಳ್ತೀನಿ” ಎಂದೆ. ಸೆರಗು ಮಾತಾಡಲಿಲ್ಲ. ಹಿಂದಿನಿಂದ ರತ್ನ, “ಯಾರ್ ಜೊತೆ ಮಾತಾಡ್ತಿದ್ದೀರಿ? ಅವ್ವ ಇತ್ಲಲ್ಲೈತೆ. ಅದು ಒಣಗಾಕಿರೋ ಸೀರೆ” ಎಂದಳು.

ಎಲೆಯ ಮುಂದೆ ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. ಈ ಸಲ ಅತ್ತೆಯೇ. “ಅಳೀಮಯ್ಯಾರ್ಗೆ ಏನ್ ಬೇಕೋ ಕೇಳವ್ವ” ಎಂದರು ಮಗಳಿಗೆ. ರತ್ನ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಸೀರೆಯ ಮುಂದೆ ಅಷ್ಟು ಸರಾಗವಾಗಿ ಬಂದ ಮಾತುಗಳನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡು, ಬಾಯಿ ತೆರೆದು, “ಒಸಿ ಸಾರು” ಎಂದೆ.